ಬಟಾಣಿ ಎಣಿಸಿದ ಗುರು: ಗ್ರೆಗೊರ್ ಮೆಂಡೆಲ್



ಈ ಸಲ ನಾವು ಸಂತರ ಪಟ್ಟಿಯಲ್ಲಿ ಇಲ್ಲದ ಒಬ್ಬ ಗುರುವಿನ ಜೀವನವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಅವರ ಹೆಸರಿನಲ್ಲಿ ಹಬ್ಬವಿಲ್ಲ, ನೊವೆನಾ ಇಲ್ಲ. ಆದರೂ ಹೈಸ್ಕೂಲಿನ ವಿಜ್ಞಾನ ಪುಸ್ತಕ ತೆರೆದ ಮಕ್ಕಳೆಲ್ಲ ಅವರ ಹೆಸರನ್ನು ಓದಿರುತ್ತಾರೆ. ನಮ್ಮ ಮನೆಗಳಲ್ಲಿ ಒಬ್ಬರು ಕನ್ನಡದಲ್ಲಿ ಓದಿದ್ದರೆ ಇನ್ನೊಬ್ಬರು ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಓದಿದ್ದಾರೆ. ಯಾವ ಭಾಷೆಯಲ್ಲಿ ಓದಿದರೂ ಬಟಾಣಿ ಗಿಡದ ಚಿತ್ರ ಅದೇ, ಮೂರಕ್ಕೆ ಒಂದು ಎಂಬ ಲೆಕ್ಕವೂ ಅದೇ. ಆ ಲೆಕ್ಕವನ್ನು ಕಂಡುಹಿಡಿದವರು ದಿನವೂ ಬಲಿಪೂಜೆ ಅರ್ಪಿಸುತ್ತಿದ್ದ ಒಬ್ಬ ಕಥೋಲಿಕ ಗುರು ಎಂಬುದು ಮಾತ್ರ ಎಷ್ಟೋ ಮಂದಿಗೆ ತಿಳಿದಿಲ್ಲ.

ಅವರ ಬಾಳಿನಲ್ಲಿ ಸೋಲುಗಳೇ ಹೆಚ್ಚು. ಶಿಕ್ಷಕರ ಪರೀಕ್ಷೆಯನ್ನು ಎರಡು ಸಲ ಬರೆಯಲು ಕುಳಿತರೂ ಪಾಸಾಗಲಿಲ್ಲ. ಧರ್ಮಕೇಂದ್ರದ ಸೇವೆ ಅವರ ಕೈಲಾಗಲಿಲ್ಲ. ಎಂಟು ವರ್ಷ ದುಡಿದು ಬರೆದ ಪ್ರಬಂಧವನ್ನು ಅವರು ಬದುಕಿರುವಷ್ಟು ಕಾಲ ಯಾರೂ ಸರಿಯಾಗಿ ಓದಲಿಲ್ಲ. ಆದರೆ ಇಂದು ನಮ್ಮ ಬೆಟ್ಟಗಳ ಆಸ್ಪತ್ರೆಗಳಲ್ಲಿ ಒಂದು ಹನಿ ರಕ್ತ ತೆಗೆದು, ಹುಟ್ಟಲಿರುವ ಮಗುವಿಗೆ ಒಂದು ಕಾಯಿಲೆ ಬರುವ ಸಂಭವ ಎಷ್ಟು ಎಂದು ಹೇಳುವಾಗ ವೈದ್ಯರು ಹಾಕುವುದು ಇದೇ ಗುರುವಿನ ಲೆಕ್ಕವನ್ನು. ಆ ವಿಷಯಕ್ಕೆ ಕೊನೆಗೆ ಬರುತ್ತೇವೆ. ಮೊದಲು ಅವರ ಮನೆಯಿಂದ ಆರಂಭಿಸೋಣ.

ಬಿಟ್ಟಿ ದುಡಿಮೆಯ ಮನೆ

1822ರ ಜುಲೈ ತಿಂಗಳಲ್ಲಿ, ಆಗಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಹೈನ್ಸೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಒಂದು ರೈತ ಕುಟುಂಬಕ್ಕೆ ಗಂಡುಮಗು ಹುಟ್ಟಿತು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಯೊಹಾನ್. ಆ ಹಳ್ಳಿ ಇಂದು ಚೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟನ್ ಮೆಂಡೆಲ್, ತಾಯಿ ರೊಸಿನಾ. ಅಕ್ಕ ವೆರೋನಿಕಾ, ತಂಗಿ ತೆರೇಸಿಯಾ. ಮನೆಮಾತು ಜರ್ಮನ್, ಆ ಸೀಮೆಯಲ್ಲಿ ಜರ್ಮನ್ ಮಾತನಾಡುವವರೂ ಚೆಕ್ ಮಾತನಾಡುವವರೂ ಅಕ್ಕಪಕ್ಕದಲ್ಲೇ ಬಾಳುತ್ತಿದ್ದರು.

ತಂದೆಗೆ ಸ್ವಂತ ಹೊಲವಿತ್ತು. ಆದರೆ ವಾರದಲ್ಲಿ ಮೂರು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಉಳಿದ ದಿನಗಳಲ್ಲಿ ತನ್ನ ಹೊಲ, ತನ್ನ ಹಣ್ಣಿನ ತೋಟ. ಆ ಊರಿನ ಧರ್ಮಗುರು ಯೊಹಾನ್ ಶ್ರೈಬರ್ ಅವರಿಗೆ ಹಣ್ಣಿನ ಗಿಡಗಳೆಂದರೆ ಬಹಳ ಪ್ರೀತಿ. ಒಳ್ಳೆಯ ತಳಿಯ ಕಡ್ಡಿಗಳನ್ನು ತರಿಸಿ ರೈತರಿಗೆ ಹಂಚುತ್ತಿದ್ದರು. ಕಸಿ ಕಟ್ಟುವುದನ್ನು ಶಾಲೆಯ ಮಕ್ಕಳಿಗೂ ಕಲಿಸಲಾಗುತ್ತಿತ್ತು. ಒಂದು ಗಿಡದ ಗುಣ ಇನ್ನೊಂದಕ್ಕೆ ಹೇಗೆ ಬರುತ್ತದೆ ಎಂಬ ಕುತೂಹಲ ಯೊಹಾನನಿಗೆ ಮೊದಲು ಹುಟ್ಟಿದ್ದು ತಂದೆಯ ತೋಟದಲ್ಲಿ, ಧರ್ಮಗುರುಗಳು ಕೊಟ್ಟ ಕಡ್ಡಿಗಳ ನಡುವೆ.

ಹುಡುಗ ಜಾಣ ಎಂದು ಶಾಲೆಯ ಗುರುಗಳು ಕಂಡುಕೊಂಡರು. ಹನ್ನೊಂದನೇ ವಯಸ್ಸಿನಲ್ಲಿ ಅವನನ್ನು ಲಿಪ್ನಿಕ್ ಪಟ್ಟಣದ ಶಾಲೆಗೂ ಮರುವರ್ಷ ಒಪಾವಾದ ಪ್ರೌಢಶಾಲೆಗೂ ಕಳಿಸಿದರು. ವಸತಿಯ ಪೂರ್ತಿ ಹಣ ಕಟ್ಟುವ ಶಕ್ತಿ ತಂದೆತಾಯಿಗೆ ಇರಲಿಲ್ಲ. ಅರ್ಧ ಊಟಕ್ಕೆ ಮಾತ್ರ ಹಣ ಕಟ್ಟಿ, ಉಳಿದದ್ದಕ್ಕೆ ಮನೆಯಿಂದ ರೊಟ್ಟಿ, ಬೆಣ್ಣೆಯನ್ನು ಗಾಡಿಯವರ ಕೈಯಲ್ಲಿ ಕಳಿಸುತ್ತಿದ್ದರು. ಮಕ್ಕಳನ್ನು ದೂರದ ಹಾಸ್ಟೆಲಿನಲ್ಲಿ ಬಿಟ್ಟು ಬಸ್ಸಿನವರ ಕೈಯಲ್ಲಿ ಬುತ್ತಿ ಕಳಿಸಿದ ತಾಯಂದಿರು ನಮ್ಮಲ್ಲೂ ಇದ್ದಾರೆ; ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1838ರಲ್ಲಿ ಆ ಮನೆಗೆ ಪೆಟ್ಟು ಬಿತ್ತು. ಧಣಿಯ ಕೆಲಸದಲ್ಲಿದ್ದಾಗ ಮರದ ದಿಮ್ಮಿ ಉರುಳಿ ಬಂದು ತಂದೆಯ ಎದೆಗೆ ಬಡಿಯಿತು. ಅವರು ಮತ್ತೆ ಮೊದಲಿನಂತೆ ದುಡಿಯಲು ಆಗಲಿಲ್ಲ. ಹದಿನಾರರ ಹುಡುಗ ಅಂದಿನಿಂದ ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ತನ್ನ ಹೊಟ್ಟೆ ತುಂಬಿಕೊಳ್ಳಬೇಕಾಯಿತು. ಹಸಿವು, ಚಿಂತೆ ಎರಡೂ ಸೇರಿ ಅವನು ಆಗಾಗ ಹಾಸಿಗೆ ಹಿಡಿಯುತ್ತಿದ್ದ. 1840ರಲ್ಲಿ ಪ್ರೌಢಶಾಲೆ ಮುಗಿಸಿ ಒಲೊಮೌಟ್ಸ್ ನಗರಕ್ಕೆ ಮುಂದಿನ ಓದಿಗೆ ಹೋದರೆ, ಅಲ್ಲಿ ಪಾಠ ಹೇಳುವ ಕೆಲಸವೂ ಸಿಗಲಿಲ್ಲ. ಮತ್ತೆ ಕಾಯಿಲೆ ಬಿದ್ದು ಊರಿಗೆ ಮರಳಿದ.

ತಂಗಿಯ ಪಾಲು

ತಂದೆ ಹೊಲವನ್ನು ಅಕ್ಕನ ಗಂಡನಿಗೆ ಮಾರಿದರು. ಮಗ ಹೊಲಕ್ಕೆ ಮರಳುವನೆಂಬ ಆಸೆಯನ್ನು ಬಿಟ್ಟ ಹಾಗಾಯಿತು. ಮಾರಾಟದ ಹಣದಲ್ಲಿ ತೆರೇಸಿಯಾಳ ಮದುವೆಗೆಂದು ಒಂದು ಪಾಲು ಇತ್ತು. ಆಗ ಅವಳಿನ್ನೂ ಹನ್ನೆರಡು ವರ್ಷದ ಹುಡುಗಿ. ಆ ಪಾಲಿನ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು.

ಈ ಸಂಗತಿಯನ್ನು ನಾವು ಇಲ್ಲಿ ಎತ್ತಿ ಹೇಳಲು ಕಾರಣವಿದೆ. ದೊಡ್ಡ ಸಂಶೋಧಕರ ಚರಿತ್ರೆಯಲ್ಲಿ ಇಂಥ ಹೆಸರುಗಳು ಒಂದು ಸಾಲಿನಲ್ಲಿ ಬಂದು ಮರೆಯಾಗುತ್ತವೆ. ಆದರೆ ಆ ಹಣವಿಲ್ಲದಿದ್ದರೆ ಯೊಹಾನ್ ಒಲೊಮೌಟ್ಸ್‌ಗೆ ಮರಳಿ ಹೋಗುತ್ತಿರಲಿಲ್ಲ, ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಅಣ್ಣ ಅದನ್ನು ಮರೆಯಲಿಲ್ಲ ಎಂಬುದನ್ನೂ ಮುಂದೆ ನೋಡುವೆವು.

ಓದು ಮುಗಿಸುವ ಹೊತ್ತಿಗೆ ಮತ್ತೆ ಕೈ ಖಾಲಿ. ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ ಫ್ರೀಡ್ರಿಕ್ ಫ್ರಾನ್ಸ್ ಅವರು ಬ್ರನೊ ನಗರದ ಸಂತ ತೋಮಸರ ಮಠಕ್ಕೆ ಇವರ ಹೆಸರನ್ನು ಶಿಫಾರಸು ಮಾಡಿದರು. 1843ರ ಅಕ್ಟೋಬರ್‌ನಲ್ಲಿ ಯೊಹಾನ್ ಆಗಸ್ಟೀನ್ ಸಭೆಯ ಆ ಮಠವನ್ನು ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಹೆಸರು ಗ್ರೆಗೊರ್. ಅನ್ನದ ಚಿಂತೆಯಿಂದ ಬಿಡುಗಡೆ ಬೇಕಾಗಿತ್ತು ಎಂದು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ದೇವರ ಕರೆ ಕೆಲವರಿಗೆ ಇಂಥ ದಾರಿಯಿಂದಲೂ ಬರುತ್ತದೆ. ಬಂದ ದಾರಿ ಯಾವುದಾದರೂ, ಅವರು ಸಾಯುವ ತನಕ ಆ ಸಭೆಯಲ್ಲಿ ನಿಷ್ಠೆಯಿಂದ ಉಳಿದರು.

ಆ ಮಠ ಓದಿನ ಮನೆಯಾಗಿತ್ತು. ಸಂಗೀತ ರಚಿಸುವ ಪಾವೆಲ್ ಕ್ರಿಜ್ಕೊವ್ಸ್ಕಿ, ತತ್ವಶಾಸ್ತ್ರದ ಕ್ಲಾಟ್ಸೆಲ್ ಮೊದಲಾದವರು ಅಲ್ಲಿನ ಸಹೋದರರು. ಜರ್ಮನ್ ಮನೆಮಾತಿನವರೂ ಚೆಕ್ ಮನೆಮಾತಿನವರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಮಠಾಧ್ಯಕ್ಷ ಸಿರಿಲ್ ನಾಪ್ ಅವರಿಗೆ ಕೃಷಿಯಲ್ಲಿ ಆಳವಾದ ಆಸಕ್ತಿ. ಬ್ರನೊ ಉಣ್ಣೆ ಬಟ್ಟೆಯ ಊರು. ಒಳ್ಳೆಯ ಉಣ್ಣೆ ಕೊಡುವ ಕುರಿಯ ಗುಣ ಮರಿಗೆ ಹೇಗೆ ದಾಟುತ್ತದೆ ಎಂಬುದು ಅಲ್ಲಿನ ಕುರಿ ಸಾಕುವವರಿಗೆ ಹಣದ ಪ್ರಶ್ನೆ. ನಾಪ್ ಅವರು ಆ ಚರ್ಚೆಗಳಲ್ಲಿ ಕೂತು, ಏನು ದಾಟುತ್ತದೆ, ಹೇಗೆ ದಾಟುತ್ತದೆ ಎಂದು ಕೇಳಿದವರು. ಉತ್ತರ ಯಾರ ಬಳಿಯೂ ಇರಲಿಲ್ಲ.

ಎರಡು ಪರೀಕ್ಷೆ, ಎರಡು ಸೋಲು

1847ರಲ್ಲಿ ಮೆಂಡೆಲರಿಗೆ ಗುರುದೀಕ್ಷೆಯಾಯಿತು. ಮರುವರ್ಷ ದೈವಶಾಸ್ತ್ರದ ಓದು ಮುಗಿಯಿತು. ಮಠಕ್ಕೆ ಸೇರಿದ ಧರ್ಮಕೇಂದ್ರದಲ್ಲಿ ಸೇವೆಗೆ ನೇಮಿಸಿದರು. ರೋಗಿಗಳನ್ನು, ಸಾಯುತ್ತಿರುವವರನ್ನು ನೋಡಲು ಹೋಗುವುದು ಆ ಸೇವೆಯ ಭಾಗ. ಆದರೆ ನರಳುವವರ ಹಾಸಿಗೆಯ ಬಳಿ ನಿಂತರೆ ಅವರಿಗೇ ಜ್ವರ ಬಂದಂತಾಗುತ್ತಿತ್ತು. ಕೊನೆಗೆ ತಾವೇ ಹಾಸಿಗೆ ಹಿಡಿದರು.

ಮಠಾಧ್ಯಕ್ಷರು ಗದರಿಸಲಿಲ್ಲ. ಈ ಗುರು ಬೇರೆ ಕೆಲಸಕ್ಕೆ ತಕ್ಕವರು ಎಂದು ಮೇಲಿನವರಿಗೆ ಬರೆದು, 1849ರಲ್ಲಿ ಜ್ನೊಯ್ಮೊ ಪಟ್ಟಣದ ಶಾಲೆಗೆ ಬದಲಿ ಶಿಕ್ಷಕರಾಗಿ ಕಳಿಸಿದರು. ಪಾಠ ಹೇಳುವುದರಲ್ಲಿ ಮೆಂಡೆಲರು ಗೆದ್ದರು. ಮಕ್ಕಳಿಗೂ ಸಹೋದ್ಯೋಗಿಗಳಿಗೂ ಮೆಚ್ಚುಗೆಯಾದರು. ಆದರೆ ಖಾಯಂ ಶಿಕ್ಷಕರಾಗಲು ಸರ್ಕಾರಿ ಪರೀಕ್ಷೆ ಪಾಸಾಗಬೇಕಿತ್ತು. 1850ರಲ್ಲಿ ವಿಯೆನ್ನಾಕ್ಕೆ ಹೋಗಿ ಪರೀಕ್ಷೆ ಬರೆದರು. ನಿಸರ್ಗ ವಿಜ್ಞಾನದ ಉತ್ತರಗಳು ಪರೀಕ್ಷಕರಿಗೆ ಹಿಡಿಸಲಿಲ್ಲ. ನಪಾಸು.

ಆಗಲೂ ನಾಪ್ ಅವರು ಕೈಬಿಡಲಿಲ್ಲ. ಮಠದ ಖರ್ಚಿನಲ್ಲಿ 1851ರಿಂದ 1853ರ ವರೆಗೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿಸಿದರು. ಅಲ್ಲಿ ಕಲಿಸಿದವರಲ್ಲಿ ಒಬ್ಬರು ಕ್ರಿಶ್ಚಿಯನ್ ಡಾಪ್ಲರ್. ಧ್ವನಿ ಹತ್ತಿರ ಬರುವಾಗ, ದೂರ ಹೋಗುವಾಗ ಹೇಗೆ ಬದಲಾಗುತ್ತದೆ ಎಂಬ ನಿಯಮಕ್ಕೆ ಅವರದೇ ಹೆಸರಿದೆ. ಇನ್ನೊಬ್ಬರು ಎಟ್ಟಿಂಗ್ಸ್‌ಹೌಸೆನ್, ವಸ್ತುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಗಣಿತದಲ್ಲಿ ಪಳಗಿದವರು. ಮತ್ತೊಬ್ಬರು ಸಸ್ಯಶಾಸ್ತ್ರದ ಫ್ರಾನ್ಸ್ ಉಂಗರ್. ಗಿಡದ ವಿಷಯವನ್ನು ಭೌತಶಾಸ್ತ್ರದವರ ಹಾಗೆ ಲೆಕ್ಕ ಹಾಕಿ ನೋಡುವ ಅಭ್ಯಾಸ ಮೆಂಡೆಲರಿಗೆ ಬಂದದ್ದು ಅಲ್ಲಿಂದ.

ಬ್ರನೊಗೆ ಮರಳಿ 1854ರಿಂದ ಅಲ್ಲಿನ ಶಾಲೆಯಲ್ಲಿ ಕಲಿಸತೊಡಗಿದರು. 1856ರಲ್ಲಿ ಎರಡನೇ ಸಲ ಪರೀಕ್ಷೆಗೆ ಕುಳಿತರು. ನಡುವೆಯೇ ಕಾಯಿಲೆ ಬಿದ್ದು ಮುಗಿಸದೆ ಹಿಂದಿರುಗಿದರು. ಮತ್ತೆ ಅತ್ತ ಹೋಗಲಿಲ್ಲ. 1868ರ ವರೆಗೆ, ಅಂದರೆ ಹದಿನಾಲ್ಕು ವರ್ಷ, ಬದಲಿ ಶಿಕ್ಷಕರಾಗಿಯೇ ದುಡಿದರು. ಆ ಎರಡನೇ ಸೋಲಿನ ವರ್ಷವೇ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗ ಶುರುವಾಯಿತು.

ತೋಟದಲ್ಲಿ ಎಂಟು ವರ್ಷ

ಮಠದ ಕಿಟಕಿಗಳ ಕೆಳಗೆ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಪಟ್ಟಿ. ಅಷ್ಟೇ ಅವರ ಪ್ರಯೋಗಶಾಲೆ. ಮೊದಲು 34 ಬಗೆಯ ಬಟಾಣಿ ಬೀಜ ತರಿಸಿ ಎರಡು ವರ್ಷ ಬೆಳೆದು ನೋಡಿದರು. ಯಾವ ತಳಿ ವರ್ಷ ವರ್ಷವೂ ತನ್ನ ಗುಣ ಬಿಡದೆ ಬರುತ್ತದೆ ಎಂದು ಖಚಿತ ಮಾಡಿಕೊಂಡು 22 ತಳಿಗಳನ್ನು ಇಟ್ಟುಕೊಂಡರು. ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಏಳು ಗುಣಗಳನ್ನು ಆರಿಸಿದರು: ಕಾಳು ಗುಂಡೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ, ಹೀಗೆ.

ಬಟಾಣಿಯ ಹೂವು ಮುಚ್ಚಿಕೊಂಡೇ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆದ್ದರಿಂದ ಮೆಂಡೆಲರು ಮೊಗ್ಗು ಬಲಿಯುವ ಮುನ್ನವೇ ಅದನ್ನು ಬಿಡಿಸಿ, ಸಣ್ಣ ಚಿಮುಟದಿಂದ ಪರಾಗದ ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೆ ಗಿಡದ ಪರಾಗವನ್ನು ಸವರಿ, ಕೀಟ ಬಾರದಂತೆ ಚೀಲ ಕಟ್ಟುತ್ತಿದ್ದರು. ಒಂದಲ್ಲ, ನೂರಾರು ಹೂಗಳಿಗೆ. ಕಾಯಿ ಒಣಗಿದ ಮೇಲೆ ಸುಲಿದು, ಕಾಳು ಬೇರೆ ಮಾಡಿ, ಎಣಿಸಿ, ಬರೆದಿಟ್ಟು, ಮರುವರ್ಷ ಬಿತ್ತಬೇಕು. ಎಂಟು ವರ್ಷಗಳಲ್ಲಿ ಅವರ ಕೈಯಿಂದ ಹಾದುಹೋದ ಗಿಡಗಳು ಸುಮಾರು 28,000.

ಗುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಡನೆ ಕೂಡಿಸಿದಾಗ ಬಂದ ಕಾಳುಗಳೆಲ್ಲ ಗುಂಡು. ಸುಕ್ಕು ಮಾಯವಾಯಿತೇ? ಆ ಗುಂಡು ಕಾಳನ್ನೇ ಬಿತ್ತಿ ಅದರ ಮುಂದಿನ ಬೆಳೆ ನೋಡಿದರು. ಒಂದೇ ಕಾಯಿಯೊಳಗೆ ಗುಂಡು ಕಾಳೂ ಸುಕ್ಕು ಕಾಳೂ ಅಕ್ಕಪಕ್ಕದಲ್ಲಿ ಕೂತಿದ್ದವು. ಎಣಿಸಿದರು: ಒಟ್ಟು 7,324 ಕಾಳು, 5,474 ಗುಂಡು, 1,850 ಸುಕ್ಕು. ಬಣ್ಣದ ಲೆಕ್ಕದಲ್ಲಿ 6,022 ಹಳದಿ, 2,001 ಹಸಿರು. ಏಳು ಗುಣಗಳಲ್ಲೂ ಹೆಚ್ಚುಕಡಿಮೆ ಅದೇ ಅನುಪಾತ: ಮೂರಕ್ಕೆ ಒಂದು.

ಗಿಡಗಳನ್ನು ಕೂಡಿಸಿ ನೋಡಿದವರು ಅವರಿಗಿಂತ ಮೊದಲೂ ಇದ್ದರು. ಮರೆಯಾದ ಗುಣ ಮೊಮ್ಮಕ್ಕಳಲ್ಲಿ ಮರಳಿ ಬರುವುದನ್ನು ಕಂಡವರೂ ಇದ್ದರು. ಆದರೆ ಇಷ್ಟು ಗಿಡಗಳನ್ನು ಬೆಳೆದು, ತಲೆಮಾರಿನ ಮೇಲೆ ತಲೆಮಾರು ಎಣಿಸಿ, ಆ ಎಣಿಕೆಯ ಹಿಂದೆ ಒಂದು ನಿಯಮವಿದೆ ಎಂದು ತೋರಿಸಿದವರು ಮೆಂಡೆಲರು.

ಅವರು ಕಂಡ ಅರ್ಥವನ್ನು ಸರಳವಾಗಿ ಹೀಗೆ ಹೇಳಬಹುದು. ಒಂದೊಂದು ಗುಣಕ್ಕೂ ಪ್ರತಿ ಗಿಡದೊಳಗೆ ಎರಡು ಚೀಟಿಗಳಿವೆ ಎಂದುಕೊಳ್ಳಿ. ಒಂದು ತಾಯಿ ಗಿಡದಿಂದ, ಒಂದು ತಂದೆ ಗಿಡದಿಂದ ಬಂದದ್ದು. ಮುಂದಿನ ತಲೆಮಾರಿಗೆ ಕೊಡುವಾಗ ಎರಡರಲ್ಲಿ ಒಂದೇ ಚೀಟಿ ಹೋಗುತ್ತದೆ. ಯಾವುದು ಎಂಬುದು ಕಣ್ಣು ಮುಚ್ಚಿ ಎತ್ತಿದ ಹಾಗೆ. ಗುಂಡು, ಸುಕ್ಕು ಎರಡೂ ಚೀಟಿಗಳಿದ್ದರೆ ಹೊರಗೆ ಕಾಣುವುದು ಗುಂಡು. ಅದು ಪ್ರಬಲ ಗುಣ. ಸುಕ್ಕಿನ ಚೀಟಿ ಹರಿದುಹೋಗಿಲ್ಲ, ಕರಗಿಯೂ ಇಲ್ಲ. ಒಳಗೆ ಹಾಗೇ ಇದೆ. ಎರಡೂ ಕಡೆಯಿಂದ ಸುಕ್ಕಿನ ಚೀಟಿಯೇ ಬಂದ ಕಾಳಿನಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಸಲ ಹಾಗಾಗುತ್ತದೆ.

ಇದು ಬರೀ ಊಹೆಯಲ್ಲ ಎಂದು ತೋರಿಸಲು ಮೆಂಡೆಲರು ಇನ್ನೊಂದು ಹೆಜ್ಜೆ ಇಟ್ಟರು. ಎರಡನೇ ತಲೆಮಾರಿನ ಗುಂಡು ಕಾಳುಗಳಿಂದ 565 ಗಿಡ ಬೆಳೆಸಿದರು. ಹೊರನೋಟಕ್ಕೆ ಎಲ್ಲವೂ ಒಂದೇ ಜಾತಿಯ ಕಾಳುಗಳಿಂದ ಬಂದವು. ಆದರೆ 193 ಗಿಡಗಳು ಗುಂಡು ಕಾಳನ್ನು ಮಾತ್ರ ಕೊಟ್ಟವು, 372 ಗಿಡಗಳು ಎರಡನ್ನೂ ಕೊಟ್ಟವು. ಒಂದಕ್ಕೆ ಎರಡು. ಹೊರಗೆ ಕಾಣದ್ದನ್ನು ಒಳಗೆ ಹೊತ್ತವು ಇಷ್ಟು ಎಂದು ಅವರ ಲೆಕ್ಕ ಮೊದಲೇ ಹೇಳಿದ್ದಂತೆಯೇ ಆಯಿತು.

ಯಾರೂ ಓದದ ಪುಸ್ತಕ

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೊ ನಗರದ ನಿಸರ್ಗ ವಿಜ್ಞಾನ ಸಂಘದ ಎರಡು ಸಭೆಗಳಲ್ಲಿ ಮೆಂಡೆಲರು ತಮ್ಮ ಫಲಿತಾಂಶಗಳನ್ನು ಓದಿದರು. 1866ರಲ್ಲಿ ಅದು ಸಂಘದ ಸಂಪುಟದಲ್ಲಿ ಅಚ್ಚಾಯಿತು. ಆ ಸಂಪುಟ ಯುರೋಪಿನ ಅನೇಕ ಗ್ರಂಥಾಲಯಗಳಿಗೆ ಹೋಯಿತು. ತಮ್ಮ ಪ್ರಬಂಧದ 40 ಬಿಡಿ ಪ್ರತಿಗಳನ್ನೂ ಮೆಂಡೆಲರು ತರಿಸಿಕೊಂಡರು. ಆದರೆ ಅದರ ಮಹತ್ವವನ್ನು ಹಿಡಿದವರು ಒಬ್ಬರೂ ಇಲ್ಲ. ಗಿಡ ಬಲ್ಲವರಿಗೆ ಗಣಿತ ಬೇಕಿರಲಿಲ್ಲ. ಗಣಿತ ಬಲ್ಲವರಿಗೆ ಬಟಾಣಿ ಬೇಕಿರಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ ಗುಣಗಳು ಹೇಗೆ ದಾಟುತ್ತವೆಂದು ತಿಳಿಯದೆ ತಡಕಾಡುತ್ತಿದ್ದರು. ಡಾರ್ವಿನ್ನರ ಪುಸ್ತಕವನ್ನು ಮೆಂಡೆಲರು ಜರ್ಮನ್ ಭಾಷೆಯಲ್ಲಿ ಓದಿ ಅಂಚಿನಲ್ಲಿ ಗುರುತು ಹಾಕಿದ್ದರು. ಮೆಂಡೆಲರ ಪ್ರಬಂಧ ಮಾತ್ರ ಡಾರ್ವಿನ್ನರ ಕಣ್ಣಿಗೆ ಬೀಳಲಿಲ್ಲ.

ಮ್ಯೂನಿಕ್‌ನ ಹೆಸರಾಂತ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ ಅವರಿಗೆ ಮೆಂಡೆಲರು ಪತ್ರ ಬರೆದರು. 1866ರಿಂದ 1873ರ ವರೆಗೆ ಪತ್ರ ವ್ಯವಹಾರ ನಡೆಯಿತು. ನೇಗೆಲಿ ಅವರಿಗೆ ಬಟಾಣಿಯ ಲೆಕ್ಕದಲ್ಲಿ ನಂಬಿಕೆ ಹುಟ್ಟಲಿಲ್ಲ. ತಾವು ಅಭ್ಯಾಸ ಮಾಡುತ್ತಿದ್ದ ಹಾಕ್‌ವೀಡ್ ಎಂಬ ಹಳದಿ ಹೂವಿನ ಕಾಡುಗಿಡದ ಕಡೆಗೆ ಮೆಂಡೆಲರನ್ನು ತಿರುಗಿಸಿದರು. ಅದರ ಹೂಗಳು ಬಲು ಸಣ್ಣವು. ಭೂತಗನ್ನಡಿ ಹಿಡಿದು ದುಡಿದು ಮೆಂಡೆಲರ ಕಣ್ಣು ಸೋತಿತು. ಫಲಿತಾಂಶವೂ ಉಲ್ಟಾ ಬಂತು. ಆ ಗಿಡ ಬಹಳಷ್ಟು ಸಲ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ತಮ್ಮ ನಿಯಮಕ್ಕೆ ಹೊಂದದ ಆ ಫಲಿತಾಂಶವನ್ನು ಮೆಂಡೆಲರು ಬಚ್ಚಿಡಲಿಲ್ಲ. 1869ರಲ್ಲಿ ಅದೇ ಸಂಘದ ಮುಂದೆ ಇದ್ದದ್ದನ್ನು ಇದ್ದ ಹಾಗೆ ಓದಿದರು. ಸಂಶೋಧನೆ ಎಂಬ ಕೆಲಸದ ಪ್ರಾಮಾಣಿಕತೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾವು ಬಟಾಣಿಗಿಂತ ಮೊದಲು ಈ ಸೋಲನ್ನೇ ತೋರಿಸುತ್ತೇವೆ.

ಮಠಾಧ್ಯಕ್ಷರ ದಿನಗಳು

1868ರಲ್ಲಿ ಸಹೋದರರು ಮೆಂಡೆಲರನ್ನು ಮಠಾಧ್ಯಕ್ಷರನ್ನಾಗಿ ಆರಿಸಿದರು. ಶಾಲೆಯ ಕೆಲಸ ಬಿಟ್ಟರು. ಮಠದ ಜಮೀನು, ಲೆಕ್ಕಪತ್ರ, ಸಮಿತಿಗಳ ನಡುವೆ ಸಂಶೋಧನೆಗೆ ಸಮಯ ಕಡಿಮೆಯಾಯಿತು. ಆದರೂ ಜೇನು ಸಾಕಿದರು. ದಿನವೂ ಮಳೆ, ಗಾಳಿ, ಬಿಸಿಲಿನ ಲೆಕ್ಕ ಬರೆದಿಟ್ಟರು. 1870ರ ಅಕ್ಟೋಬರ್‌ನಲ್ಲಿ ಬ್ರನೊ ನಗರಕ್ಕೆ ಸುಂಟರಗಾಳಿ ಬಡಿದು ಮಠದ ಕಿಟಕಿ ಹೆಂಚುಗಳು ಹಾರಿದಾಗ, ಅದು ಯಾವ ಕಡೆಯಿಂದ ಬಂತು, ಯಾವ ಕಡೆಗೆ ತಿರುಗಿತು ಎಂದು ವಿವರವಾಗಿ ಬರೆದು ಪ್ರಕಟಿಸಿದರು.

1874ರಲ್ಲಿ ಸರ್ಕಾರ ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆ ಹಾಕಿತು. ಇದು ನ್ಯಾಯವಲ್ಲ ಎಂದು ಮೆಂಡೆಲರು ಕಟ್ಟಲು ಒಪ್ಪಲಿಲ್ಲ. ಬೇರೆ ಮಠಗಳು ಒಂದೊಂದಾಗಿ ರಾಜಿಯಾದವು. ಇವರು ಕೊನೆಯ ತನಕ ಬಗ್ಗಲಿಲ್ಲ. ಹತ್ತು ವರ್ಷದ ಈ ಜಗಳ ಅವರ ಆರೋಗ್ಯವನ್ನೂ ಸ್ನೇಹಗಳನ್ನೂ ತಿಂದಿತು. ಅವರ ಪಟ್ಟು ಸರಿಯೋ ತಪ್ಪೋ ಎಂಬುದರಲ್ಲಿ ಅವರ ಮಠದಲ್ಲೇ ಒಮ್ಮತವಿರಲಿಲ್ಲ.

ಇದೇ ದಿನಗಳಲ್ಲಿ ಅವರು ಒಂದು ಹಳೆಯ ಸಾಲ ತೀರಿಸಿದರು. ತಂಗಿ ತೆರೇಸಿಯಾಳಿಗೆ ಮೂವರು ಗಂಡುಮಕ್ಕಳು. ಮೂವರ ಓದಿನ ಖರ್ಚನ್ನೂ ಸೋದರಮಾವ ಹೊತ್ತರು. ಅವರಲ್ಲಿ ಇಬ್ಬರು ವೈದ್ಯರಾದರು. ಹುಟ್ಟೂರಿನಲ್ಲಿ ಬೆಂಕಿ ಆರಿಸುವ ದಳಕ್ಕೆ ಕಟ್ಟಡ ಕಟ್ಟಲೂ ಹಣ ಕೊಟ್ಟರು.

1884ರ ಜನವರಿ 6, ಮೂವರು ಜ್ಞಾನಿಗಳ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಮೆಂಡೆಲರು ತೀರಿಕೊಂಡರು. ಅವರಿಗೆ 61 ವರ್ಷ. ಮೃತರ ಬಲಿಪೂಜೆಯ ಸಂಗೀತವನ್ನು ನಡೆಸಿದವರು, ಬಾಲಕನಾಗಿ ಅದೇ ಮಠದಲ್ಲಿ ಹಾಡು ಕಲಿತು ಮುಂದೆ ಜಗತ್ಪ್ರಸಿದ್ಧರಾದ ಲಿಯೋಶ್ ಯಾನಾಚೆಕ್. ಊರಿನವರು ಒಬ್ಬ ದಾನಶೀಲ ಮಠಾಧ್ಯಕ್ಷರನ್ನು ಮಣ್ಣು ಮಾಡಿ ಬಂದರು. ಒಬ್ಬ ವಿಜ್ಞಾನಿಯನ್ನು ಕಳೆದುಕೊಂಡೆವೆಂದು ಅವರಿಗೆ ಅನಿಸಲಿಲ್ಲ. ಅವರ ಪ್ರಯೋಗದ ಕಾಗದಗಳನ್ನು ಮಠದಲ್ಲಿ ಸುಟ್ಟುಹಾಕಿದರು.

ಹದಿನಾರು ವರ್ಷದ ಬಳಿಕ

1900ರಲ್ಲಿ ಹಾಲೆಂಡಿನ ಹ್ಯೂಗೊ ಡಿ ವ್ರೀಸ್, ಜರ್ಮನಿಯ ಕಾರ್ಲ್ ಕೊರೆನ್ಸ್, ಆಸ್ಟ್ರಿಯದ ಎರಿಕ್ ಫಾನ್ ಚೆರ್ಮಾಕ್ ಬೇರೆಬೇರೆಯಾಗಿ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಮೂವರೂ 1866ರ ಆ ಪ್ರಬಂಧವನ್ನು ಹೆಸರಿಸಿದರು. 34 ವರ್ಷ ಕಪಾಟಿನಲ್ಲಿ ಧೂಳು ಹಿಡಿದಿದ್ದ ಪುಟಗಳಿಗೆ ಓದುಗರು ಸಿಕ್ಕರು. ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಮೆಂಡೆಲರ ಪರವಾಗಿ ಪುಸ್ತಕ ಬರೆದು, ಈ ಹೊಸ ಶಾಸ್ತ್ರಕ್ಕೆ ಜೆನೆಟಿಕ್ಸ್ ಎಂಬ ಹೆಸರು ಕೊಟ್ಟರು. ನಾವು ಕನ್ನಡದಲ್ಲಿ ತಳಿಶಾಸ್ತ್ರ ಎನ್ನುತ್ತೇವೆ. 1910ರಲ್ಲಿ ಬ್ರನೊದಲ್ಲಿ ಅವರ ಅಮೃತಶಿಲೆಯ ಪ್ರತಿಮೆ ನಿಂತಿತು.

ಪ್ರಶ್ನೆಗಳೂ ಎದ್ದವು. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಮೆಂಡೆಲರ ಎಣಿಕೆಗಳು ಸಹಜವಾಗಿ ಬರಬೇಕಾದ್ದಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿವೆ ಎಂದು ತೋರಿಸಿದರು. ಅದರ ಬಗ್ಗೆ ಪಂಡಿತರು ಇಂದಿಗೂ ವಾದಿಸುತ್ತಾರೆ. ಆದರೆ ನಿಯಮವನ್ನು ಸಾವಿರಾರು ಮಂದಿ ಸಾವಿರಾರು ಬಗೆಯ ಜೀವಿಗಳಲ್ಲಿ ಮತ್ತೆ ಪರೀಕ್ಷಿಸಿದ್ದಾರೆ, ಅದು ನಿಂತಿದೆ. ಸೋವಿಯತ್ ದೇಶದಲ್ಲಿ ಮೆಂಡೆಲರ ಶಾಸ್ತ್ರವನ್ನು ಹಿಡಿದವರು ಎಂಬುದೇ ಬೈಗುಳವಾಯಿತು. ಬೆಳೆಗಳ ತಳಿಗಳನ್ನು ಜಗತ್ತೆಲ್ಲ ಸುತ್ತಿ ಕೂಡಿಸಿದ್ದ ನಿಕೊಲಾಯ್ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ಪ್ರಾಣ ಬಿಟ್ಟರು. ಬಟಾಣಿ ಎಣಿಕೆ ಎಂದರೆ ಅಷ್ಟು ಸಣ್ಣ ವಿಷಯವಲ್ಲ.

ನಮ್ಮ ಮನೆಗೆ ಬಂದ ಲೆಕ್ಕ

ಈಗ ಮೊದಲು ಹೇಳಿದ ರಕ್ತದ ಹನಿಗೆ ಬರೋಣ. ನೀಲಗಿರಿ, ವಯನಾಡಿನ ಓದುಗರಿಗೆ ಸಿಕಲ್ ಸೆಲ್ ಎಂಬ ಮಾತು ಹೊಸದಲ್ಲ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ರಕ್ತಹೀನತೆ, ತಡೆಯಲಾಗದ ನೋವು ಕಾಡುತ್ತವೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿ ವರದಿ ಮಾಡಿದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ಮಲೇರಿಯಾ ಹೆಚ್ಚಿದ್ದ ನಾಡುಗಳಲ್ಲಿ ಇದು ಜಗತ್ತಿನ ಅನೇಕ ಜನಾಂಗಗಳಲ್ಲಿದೆ. ಒಂದೇ ಚೀಟಿ ಹೊತ್ತವರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ ಎಂಬುದು ಇದಕ್ಕೆ ಕಾರಣ.

ಈ ಕಾಯಿಲೆ ದಾಟುವುದು ಸುಕ್ಕು ಕಾಳಿನ ಲೆಕ್ಕದಲ್ಲೇ. ಒಂದು ಚೀಟಿ ಮಾತ್ರ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ತಮ್ಮಲ್ಲಿ ಅದು ಇದೆಯೆಂದೇ ಅವರಿಗೆ ತಿಳಿದಿರುವುದಿಲ್ಲ. ಗಂಡಹೆಂಡತಿ ಇಬ್ಬರೂ ಅಂಥವರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಾಯಿತು, ಮುಂದಿನ ಮೂರಕ್ಕೆ ಭಯವಿಲ್ಲ ಎಂದು ತಿಳಿಯುವುದು ತಪ್ಪು. ಪ್ರತಿ ಮಗುವಿಗೂ ಚೀಟಿ ಹೊಸದಾಗಿ ಎತ್ತಿದ ಹಾಗೆ. ಇಬ್ಬರಲ್ಲಿ ಒಬ್ಬರು ಮಾತ್ರ ಹೊತ್ತಿದ್ದು, ಇನ್ನೊಬ್ಬರ ಎರಡೂ ಚೀಟಿ ಸರಿಯಿದ್ದರೆ ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಬರುವುದಿಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಈ ಕಾಯಿಲೆಯ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನ ಆರಂಭಿಸಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ಮದುವೆಗೆ ಮುಂಚೆ ಒಂದು ಹನಿ ರಕ್ತ ಕೊಟ್ಟು ತಿಳಿದುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದು ನಮ್ಮ ಯುವಜನರಿಗೆ ಹೇಳುತ್ತೇವೆ.

ಇನ್ನೊಂದು ಮಾತನ್ನು ಹಿರಿಯರಿಗೆ ಹೇಳಬೇಕು. ಕಾಯಿಲೆಯ ಮಗು ಹುಟ್ಟಿದರೆ ಸೊಸೆಯ ಕಡೆಗೆ ಬೆರಳು ತೋರಿಸುವುದು, ಅವಳ ತವರಿನ ರಕ್ತ ಸರಿಯಿಲ್ಲ ಎನ್ನುವುದು, ಯಾರದೋ ಪಾಪ ಎನ್ನುವುದು ಇನ್ನೂ ನಿಂತಿಲ್ಲ. ಸುಕ್ಕು ಕಾಳಿಗೆ ಎರಡೂ ಕಡೆಯಿಂದ ಚೀಟಿ ಬಂದಿರಲೇಬೇಕು ಎಂದು ಮಠದ ತೋಟದಲ್ಲಿ ಎಣಿಸಿ ತೋರಿಸಿದ್ದಾಗಿದೆ. ತಾಯಿ ಎಷ್ಟು ಕೊಟ್ಟಳೋ ತಂದೆಯೂ ಅಷ್ಟೇ ಕೊಟ್ಟಿದ್ದಾನೆ. ಇಬ್ಬರೂ ತಿಳಿದು ಕೊಟ್ಟದ್ದಲ್ಲ, ಇಬ್ಬರದೂ ತಪ್ಪಲ್ಲ. ನರಳುವವರ ಹಾಸಿಗೆಯ ಬಳಿ ನಿಲ್ಲಲಾರದ ಗುರು, ತಾವು ಎಂದೂ ಕಾಣದ ಮನೆಗಳ ತಾಯಂದಿರ ತಲೆಯ ಮೇಲಿನ ಇಂಥ ಅಪವಾದವನ್ನು ಹೀಗೆ ಇಳಿಸಿದರು.

ಪರೀಕ್ಷೆಯ ಫಲಿತಾಂಶ ಬರುವ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಅಳು ಕೇಳಿಸುತ್ತದೆ. ಅಂಕ ಕಡಿಮೆ ಬಂದ ಮಗನಿಗೂ ಮಗಳಿಗೂ ಮೆಂಡೆಲರ ಎರಡು ಸೋಲಿನ ಕಥೆ ಹೇಳಿ. ಸೋತವರೆಲ್ಲ ಮೆಂಡೆಲ್ ಆಗುತ್ತಾರೆ ಎಂದಲ್ಲ. ಸೋತವರಿಗೂ ಒಂದು ತೋಟದ ಪಟ್ಟಿ ಬಿಟ್ಟುಕೊಡುವ ನಾಪ್ ಅವರಂಥ ಹಿರಿಯರು ಬೇಕು ಎಂದು. ಜೊತೆಗೆ ಆ ಹನ್ನೆರಡು ವರ್ಷದ ಹುಡುಗಿಯ ಹೆಸರನ್ನೂ ಹೇಳಿ. ತೆರೇಸಿಯಾ ತನ್ನ ಮದುವೆಯ ಪಾಲಿನಿಂದ ಕೊಟ್ಟ ಹಣ ಅಣ್ಣನ ಓದಾಯಿತು, ಅಣ್ಣನ ಹಣ ಅವಳ ಮಕ್ಕಳ ಓದಾಯಿತು. ವೈದ್ಯರಾದ ಆ ಇಬ್ಬರು ಮಕ್ಕಳು ತಮ್ಮ ಮಾವನ ಹೆಸರು ಜಗತ್ತಿಗೆಲ್ಲ ಗೊತ್ತಾದುದನ್ನು ಕಣ್ಣಾರೆ ಕಂಡರು.